ಬೇಲಿ ದಾಟಿದ ಕಿಚ್ಚು

ಹಾಲಾಡಿ ಪೇಟೆಯಲ್ಲಿ ಕುಂದಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಮಾಸೆಬೈಲಿಗೆ ಹೊರಟ ಇಬ್ಬರು ಹೆಂಗಸರಿದ್ದರು. ಕಿರಿಯವಳು ಮಾತು ತೆಗೆದಳು.

“ಪದ್ದಕ್ಕ, ಕಾಡ್ಗಿಚ್ಚು ನಂದ್ಸಿದ್ದಕ್ಕೆ ಭಾವಂಗೆ ಸನ್ಮಾನ ಅಂಬ್ರಲೆ?”

“ಹೌದೆ ಚೇತನಾ, ನಾಳೆ ಶಾಲೆಯಂಗೆ ಕಾರ್ಯಕ್ರಮ. ಪೇಪರಲ್ಲೂ ಬಂತ್.”

“ಕಿಚ್ಚ್ ಹ್ಯಾಂಗ್ ಹತ್ತಿದ್ದಂಬ್ರ್?”

“ಬಿದಿರಿಗೆ ಬಿದಿರ್ ತಿಕ್ಕಿ ಅಂತ ಬರ್ದಿರ್.”

“ಆ ಗುಡ್ಡೆಯಂಗೆ ಬಿದಿರೇ ಇಲ್ಯಲೆ!”

ಪದ್ದಕ್ಕ ಸುತ್ತ ನೋಡಿ ದನಿ ತಗ್ಗಿಸಿದಳು. ನಾನು ಬೇರೆ ಕಡೆ ಮುಖ ತಿರುಗಿಸಿದೆ.

“ತೋಟದ ಗೊಬ್ಬರಕ್ಕೆ ಸುಡುಮಣ್ಣ್ ಮಾಡುಕೆ ಅಂತ ಇವ್ರೇ ತರಗೆಲೆ ರಾಶಿಗೆ ಕಿಚ್ಚ್ ಹಾಕ್ರ್. ಹಾಕಿ ಉಂಬುಕೆ ಕೂತ್ರ್. ಗಾಳಿ ಬಂತ್, ಗುಡ್ಡೆಗೆ ಹತ್ಕಂಡ್ತ್.”

“ಹಂಗಾರೆ ಅದ್ ಕಾಡ್ಗಿಚ್ಚೇ ಅಲ್ಲ!”

“ನಮ್ ಬೇಲಿ ಒಳ್ಗೆ ಇಪ್ಪಲ್ಲಿವರೆಗೆ ಸುಡುಮಣ್ಣಿನ ಕಿಚ್ಚ್. ದಾಟಿದ್ ಮೇಲೆ ಕಾಡ್ಗಿಚ್ಚು.”

“ನೀವ್ ಯಾರಿಗೂ ಹೇಳ್ಲಿಲ್ಯಾ?”

“ಹೇಳ್ವ ಅಂತಿದ್ದೆ. ಕಿಚ್ಚ್ ನಂದ್ಸುಕೆ ಹೋಯಿ ಅವ್ರ್ ಕೈಯೆಲ್ಲ ಸುಟ್ಟ್ ಬೊಕ್ಕೆ ಎದ್ದಿತ್. ಜೀವ ಉಳ್ದದ್ದೇ ಹೆಚ್ಚ್ ಅಂತ ಸುಮ್ನಾದೆ.”

“ಭಾವ ಭಾಷಣ ಮಾಡ್ತ್ರಾ?”

“ಕಾಡಿಗೆ ಕಿಚ್ಚ್ ಹಾಕುವರನ್ನ ಬಿಡುಕಾಗ ಅಂತ ನಿನ್ನೆಯಿಂದ ಬಾಯ್ಪಾಠ ಮಾಡ್ತಿದ್ರ್.”

ಚೇತನಾ ನಗಲಿಲ್ಲ.

“ನಮ್ಮನಿಯೋರೂ ಹಸಿ ಸೊಪ್ಪ್ ಹಿಡ್ಕಂಡ್ ಸಂಜೆವರೆಗೆ ಆ ಕಿಚ್ಚ್ ಬಡ್ದಿದ್ರ್ ಪದ್ದಕ್ಕ. ಸನ್ಮಾನಕ್ಕೆ ಅವ್ರನ್ನ ಯಾರೂ ಕರೀಲಿಲ್ಲ. ನಾಳೆ ನಾ ಶಾಲೆಗೆ ಹೋಯಿ ಎಲ್ಲ ಹೇಳ್ರೆ?”

“ಹೇಳ್, ಹೇಳ್. ಕೇಂಡವ್ರ್ ಹೊಟ್ಟೆಕಿಚ್ಚು ಅಂತ್ರ್.”

ಅಷ್ಟರಲ್ಲಿ ಅಮಾಸೆಬೈಲಿನ ಬಸ್ಸು ಬಂತು. ಪದ್ದಕ್ಕ ಮುಂದಿನ ಬಾಗಿಲಲ್ಲಿ ಹತ್ತಿದಳು, ಚೇತನಾ ಹಿಂದಿನ ಬಾಗಿಲಿಗೆ ಹೋದಳು.