ಗಿರಣಿಗೆ ಬಾರದ ನೀರು

ಸಭೆಯ ಹಿರಿಯರೇ, ಮಹನೀಯರೇ — ಪತಿಯನ್ನು ಕಳೆದುಕೊಂಡು ದುಃಖದಲ್ಲಿರುವ ಬಾರ್ಬಾರೆ ಅಮ್ಮನವರೇ —

ನಾನು ಯಾಸೆ. ರೆವಾಜ್ ದೊರೆಗಳ ಅನುವಾದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅವರ ಬರಹವನ್ನು ದುಂಡಗೆ ಪ್ರತಿ ಮಾಡಿದವನು. ಅವರು ದೊಡ್ಡ ಕವಿ, ದೊಡ್ಡ ಅನುವಾದಕರು, ರಷ್ಯನ್ ರಾಜ್ಯಪಾಲರ ಸಭೆಯಲ್ಲಿ ನಮ್ಮ ಜಾರ್ಜಿಯದ ದನಿ — ಎಲ್ಲವನ್ನೂ ನನಗಿಂತ ಮೊದಲು ಮಾತಾಡಿದವರು ಹೇಳಿದರು. ಅವರ ‘ಬತ್ತಿದ ಹೊಳೆ’ ಕವಿತೆಯನ್ನೂ ಓದಿದರು. ನೀವು ಕಣ್ಣೊರೆಸಿಕೊಂಡಿರಿ. ನನಗೆ — ಕ್ಷಮಿಸಿ ಅಮ್ಮಾ — ಹೇಸಿಗೆಯಾಯಿತು.

ಅದು ಕವಿತೆಯಲ್ಲ, ಮಹನೀಯರೇ. ಅದು ಅರ್ಜಿ!

ಅಗೋ, ಬಾಗಿಲ ಹತ್ತಿರ ಟೋಪಿ ಕೈಲಿ ಹಿಡಿದು ನಿಂತಿದ್ದಾರಲ್ಲ, ಶಿಯೋ ಅಜ್ಜ — ಅವರ ಅರ್ಜಿ. ಹನ್ನೊಂದು ವರ್ಷದ ಹಿಂದೆ ಬೆಟ್ಟದಿಂದಿಳಿದು ಬಂದು ಹೇಳಿದರು: "ದೊರೆ, ಮೇಲಿನೂರಿನ ಒಡೆಯ ಕಾಲುವೆ ತಿರುಗಿಸ್ಕೊಂಡು ತನ್ನ ದ್ರಾಕ್ಷಿ ತೋಟಕ್ಕೆ ಬಿಟ್ಕೊಂಡಿದ್ದಾನೆ. ನಮ್ಮೂರ ನೀರಿನ ಗಿರಣಿ ನಿಂತೋಗಿದೆ. ನೀರು ಬಿಡಿಸಿಕೊಡಿ." ಅಷ್ಟೇ.

ಅದನ್ನು ರಷ್ಯನ್ನಿಗೆ ತಿರುಗಿಸಬೇಕಿತ್ತು. ರೆವಾಜ್ ಲೇಖನಿ ಕಚ್ಚುತ್ತ ಕೂತರು. "ಇಷ್ಟು ಒಣಕಲಾಗಿ ಬರೆದ್ರೆ ಆ ಜನ ಓದ್ತಾರೇನಯ್ಯಾ, ಯಾಸೆ?" ಕಾಲುವೆ ಹೋಯಿತು, ಕಣ್ಣೀರು ಬಂತು. ಒಡೆಯನ ಹೆಸರು ಹೋಯಿತು, ಕ್ರೂರ ವಿಧಿ ಬಂತು. ನಾನು? ದುಂಡಗೆ ಪ್ರತಿ ಮಾಡಿದೆ — ಥೂ, ಈ ಕೈಯಿಂದಲೇ!

ರಾಜ್ಯಪಾಲರು ಅದನ್ನು ಚಿನ್ನದಂಚಿನ ಪುಸ್ತಕದಲ್ಲಿ ಅಂಟಿಸಿಕೊಂಡರು. ನೀರು ಬರಲಿಲ್ಲ.

ಅಜ್ಜ ಮತ್ತೆ ಬಂದಾಗ ರೆವಾಜ್ ಹಿಗ್ಗಿ ಹೇಳಿದರು: "ಅಜ್ಜಾ, ರಾಜ್ಯಪಾಲರು ಅತ್ತೇಬಿಟ್ರು!"

"ಅವರತ್ತರೆ ನಮ್ಮ ಗಿರಣಿ ಕಲ್ಲು ತಿರುಗುತ್ತಾ, ದೊರೆ?"

ಅಂದಿನಿಂದ ರೆವಾಜ್ ಒಂದು ಸಾಲು ಕವಿತೆಯನ್ನೂ ಬರೆಯಲಿಲ್ಲ. ಇದನ್ನು ಇಲ್ಲಿ ಯಾರೂ ಹೇಳಲಿಲ್ಲ. ಅದೇ ಅರ್ಜಿಯನ್ನು ಒಂಬತ್ತು ಸಲ ನೇರವಾಗಿ ಬರೆದು ಕಳಿಸಿದರು. ಒಂಬತ್ತು ಸಲವೂ ‘ಮೊದಲಿನ ಸೊಗಸಿಲ್ಲ’ ಎಂದು ವಾಪಸು ಬಂತು. ಹತ್ತನೆಯದನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಬರೆದರು — ಇಗೋ. ಮೂರೇ ಸಾಲು. ರಾಜ್ಯಪಾಲರ ಸಭೆಯ ಸದಸ್ಯರ ಸಹಿ ಬೇಕು. ಸದಸ್ಯರೆಲ್ಲ ಮುಂದಿನ ಸಾಲಿನಲ್ಲೇ ಇದ್ದೀರಿ. ಆ ಒಡೆಯರೂ ಇದ್ದಾರೆ. ಸತ್ತವರ ಹೆಸರಿನಲ್ಲಿ ನೀವೀಗ ರೊಟ್ಟಿಯ ಮೇಲೆ ಹನಿಸಿದ ದ್ರಾಕ್ಷಾರಸ ಆ ಒಡೆಯರ ತೋಟದ್ದೇ. ಆ ರೊಟ್ಟಿಯನ್ನು ನಾನು ಮುಟ್ಟಲಿಲ್ಲ.

ಅರ್ಜಿಯನ್ನು ರೊಟ್ಟಿಯ ಪಕ್ಕ ಇಡುತ್ತಿದ್ದೇನೆ. ಲೇಖನಿ ರೆವಾಜ್ ಅವರದು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ — ಚೆಂದದ ಮಾತಂತೂ ಬೇಡವೇ ಬೇಡ.

ಶಿಯೋ ಅಜ್ಜ, ನೀವಲ್ಲ. ಬೆಳಗಿನಿಂದ ನಿಂತೇ ಇದ್ದೀರಿ. ಈಗ ಕುರ್ಚಿ ಖಾಲಿಯಾಗಿದೆ, ಬನ್ನಿ — ಕೂತ್ಕೊಳ್ಳಿ.