ತುದಿಯ ಸ್ವಿಚ್ಚು

ಬೆಳಗ್ಗೆ ಹನ್ನೊಂದು ಗಂಟೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ಬಲ್ಬು ಕೊಳ್ಳಲು ಬಂದಿದ್ದ ಬೀದಿಯ ಟೈಲರಮ್ಮನ ಮುಂದೆ ಅಣ್ಣ ತಮ್ಮ ಜಗಳವಾಡುತ್ತಿದ್ದರು. ತಮ್ಮನ ಕೈಯಲ್ಲಿ ಮಾದರಿ ರೈಲಿನ ಮುರಿದ ಹಿತ್ತಾಳೆ ಇಂಜಿನ್ ಇತ್ತು.

"ಇಂಜಿನ್ನ ಹಳಿಯಿಂದ ಹಳಿಗೆ ಸರಿಸೋ ಮೇಜಿಗೆ ಮೋಟರ್ ಕೂರಿಸಿದ್ದು ನಾನು. ತುದೀಲಿ ನಿಲ್ಲಿಸೋ ಸ್ವಿಚ್ಚು ಕೀಳೋಕೆ ನೀನ್ಯಾರೋ?"

"ಮೇಜು ಕೊನೇ ಹಳಿಗೆ ಎರಡು ನೂಲು, ಅಂದ್ರೆ ಕಾಲಿಂಚು, ಮುಂಚೇನೇ ನಿಲ್ತಿತ್ತಣ್ಣ."

"ಸ್ವಿಚ್ಚನ್ನ ಸರಿಸ್ಬೇಕಿತ್ತು! ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೋ?"

"ಕಣ್ಣಳತೇಲೇ ನಿಲ್ಲಿಸ್ತೀನಿ ಅಂದ್ಕೊಂಡೆ."

"ನಿಲ್ಲಿಸ್ದೆ, ನೆಲದ ಮೇಲೆ! ಅಪ್ಪ ಒಂದೊಂದು ಚಕ್ರಾನೂ ಅರ ಹಾಕಿ ಉಜ್ಜಿ ಮಾಡಿದ್ದು ಕಣೋ."

"ಅಪ್ಪಂಗೆ ನೀನೇ ಹೇಳಣ್ಣ."

"ಬೀಳಿಸ್ದೋನು ನೀನು, ಹೇಳೋನು ನಾನಾ?"

ಅಂಗಡಿಯವನು ಎಷ್ಟು ಸ್ವಿಚ್ಚು ಬೇಕೆಂದು ಕೇಳಿದ.

"ಎರಡು ಕೊಡಿ. ಒಂದು ಮೇಜಿಗೆ, ಇನ್ನೊಂದು ಇವ್ನು ಕೀಳೋಕೆ."

ಟೈಲರಮ್ಮ ನಗು ತಡೆದಳು. ಅಣ್ಣ ಸ್ವಿಚ್ಚುಗಳನ್ನು ಜೇಬಿಗಿಳಿಸಿ ಹೊರಟ. ತಮ್ಮ ಇಂಜಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಹಿಂಬಾಲಿಸಿದ.