ತೊಟ್ಟಿಲು ಕಟ್ಟಿದ ತೊಲಿ

ಅಳವಂಡಿ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರ ಮಾತು ಸುರೇಖಾಳ ಕಿವಿಗೆ ಬೀಳುತ್ತಲೇ ಇತ್ತು. ಅವರಲ್ಲಿ ಒಬ್ಬಳಾದ ಗುರುಲಿಂಗಮ್ಮನ ಮಡಿಲಲ್ಲಿ ಗೆದ್ದಲ ಔಷಧಿಯ ಡಬ್ಬಿ.

“ಮಾಳಗಿ ತೊಲಿ ಬಡದ್ರ ಡೊಳ್ಳಿನಂಗ ಸಪ್ಪಳ ಮಾಡತೈತಿ, ಫಕೀರಮ್ಮ. ಒಳಗ ಬರೇ ಗೆದ್ದಲ ಮಣ್ಣು.”

“ಯಾವ ತೊಲಿಬೇ?”

“ನಡುವಿಂದು. ಮನ್ಯಾಗ ಹುಟ್ಟಿದವರ ತೊಟ್ಟಿಲೆಲ್ಲಾ ಅದಕ್ಕ ಕಟ್ಟೋದು.”

“ಹಂಗಾರ ಮೊಮ್ಮಗಳದು?”

ಗುರುಲಿಂಗಮ್ಮ ಡಬ್ಬಿಯನ್ನು ಸೀಟಿನ ಮೇಲಿಟ್ಟಳು.

“ನಿನ್ನಿ ನಾನ ಕಟ್ಟೀನಿ. ಔಷಧಿ ಹೊಡದ್ರ ಆತು ಅನಕೊಂಡಿದ್ದೆ.”

“ಸೊಸಿಗೆ ಮೊದಲ ಫೋನ್ ಹಚ್ಚು! ಕೂಸಿನ್ನ ತೆಗಿ ಅನ್ನು.”

“ಫೋನ್ ಎತ್ತವಲ್ಲಳು. ತೂಗಿ ಮಲಗಸಾಕತ್ತಾಳೋ ಏನೋ…”

ಅಷ್ಟರಲ್ಲಿ ಊರು ಬಂತು. ಬಸ್ಸು ಪೂರಾ ನಿಲ್ಲುವ ಮೊದಲೇ ಗುರುಲಿಂಗಮ್ಮ ಇಳಿದು ಓಡಿದಳು.

“ಯಕ್ಕಾ, ನಿಮ್ಮ ಡಬ್ಬಿ!” ಸುರೇಖಾ ಕೂಗಿದಳು.

“ಅದು ಹಾಳಾಗ್ಲಿ ತಂಗಿ, ಕೂಸು ಮೊದಲ,” ಎನ್ನುತ್ತ ಫಕೀರಮ್ಮನೂ ಸೆರಗು ಸಿಕ್ಕಿಸಿಕೊಂಡು ಇಳಿದಳು.